ದೊಡ್ಡ ಯುದ್ಧದ ನಡುವೆ ಗುಟ್ಟು ಉಳಿಸಿಕೊಂಡವರು: ಚೆಕ್‌ಮೇಟ್, ಸೀಕ್ರೆಟ್ ವಾರಿಯರ್ಸ್, ಗ್ರೇಸನ್

ಗೂಢಚಾರನ ಕಥೆ ನಿಲ್ಲುವುದೇ ಗುಟ್ಟಿನ ಮೇಲೆ. ಸೂಪರ್‌ಹೀರೋ ಕಾಮಿಕ್ಸ್‌ನ ಕ್ರಾಸ್‌ಓವರ್‌ನಲ್ಲಿ, ಅಂದರೆ ಹಲವು ಸರಣಿಗಳ ಹೀರೋಗಳು ಒಂದೇ ದೊಡ್ಡ ಕಥೆಯಲ್ಲಿ ಸೇರುವಲ್ಲಿ, ಗುಟ್ಟಿಗೆ ಜಾಗವೇ ಇರುವುದಿಲ್ಲ. ಹತ್ತಾರು ಹೀರೋಗಳು ನಡುಬೀದಿಯಲ್ಲಿ ಹೊಡೆದಾಡುತ್ತಾರೆ, ಜಗತ್ತೆಲ್ಲ ಟಿವಿಯಲ್ಲಿ ನೋಡುತ್ತದೆ. ಇಂಥ ಗದ್ದಲದಿಂದಲೇ ಹುಟ್ಟಿದ ಮೂರು ಗೂಢಚಾರ ಸರಣಿಗಳನ್ನು ನಾನು ಎರಡು ರೀತಿ ಓದಿ ನೋಡಿದೆ. ಮೊದಲು ಸರಣಿಯನ್ನಷ್ಟೇ ಓದಿದೆ. ಆಮೇಲೆ ಅದರ ಹಿಂದಿನ ದೊಡ್ಡ ಕಥೆಯನ್ನೂ ಸೇರಿಸಿಕೊಂಡು ಓದಿದೆ. ಹೋಲಿಸುವಾಗ ಕೆಲವು ತಿರುವುಗಳನ್ನು ಹೇಳಲೇಬೇಕಾಗುತ್ತದೆ, ಅದು ಬೇಡ ಎನ್ನುವವರು ಸರಣಿಗಳನ್ನು ಓದಿಯೇ ಇಲ್ಲಿಗೆ ಬನ್ನಿ.

ಚೆಕ್‌ಮೇಟ್ ಶುರುವಾಗಿದ್ದು 2006ರಲ್ಲಿ. ಡಿಸಿ ಎಂಬ ಅಮೆರಿಕದ ಕಾಮಿಕ್ಸ್ ಪ್ರಕಾಶನದ ಸರಣಿ, 31 ಸಂಚಿಕೆ. ಹೆಚ್ಚಿನ ಭಾಗ ಬರೆದವರು ಗ್ರೆಗ್ ರಕ್ಕಾ, ಚಿತ್ರ ಮುಖ್ಯವಾಗಿ ಹೆಸೂಸ್ ಸಾಯಿಜ್ ಅವರದು. ಇದರ ಹಿಂದೆ ಇರುವುದು ‘ಇನ್ಫಿನಿಟ್ ಕ್ರೈಸಿಸ್’ ಎಂಬ ಭಾರೀ ಕಥೆ. ಮ್ಯಾಕ್ಸ್‌ವೆಲ್ ಲಾರ್ಡ್ ಎಂಬವನು ಚೆಕ್‌ಮೇಟ್ ಎಂಬ ಗೂಢಚಾರ ಸಂಸ್ಥೆಯನ್ನು ಒಳಗಿಂದಲೇ ಕಬಳಿಸುತ್ತಾನೆ, ಹಳೆಯ ಗೆಳೆಯ ಬ್ಲೂ ಬೀಟಲ್‌ನನ್ನು ಗುಂಡಿಟ್ಟು ಕೊಲ್ಲುತ್ತಾನೆ, ಕೊನೆಗೆ ವಂಡರ್ ವುಮನ್ ಅವನ ಕುತ್ತಿಗೆ ಮುರಿಯುತ್ತಾಳೆ. ಇಷ್ಟೆಲ್ಲ ಆದ ಮೇಲೆ ಆ ಸಂಸ್ಥೆಯನ್ನು ಯಾರು ನಂಬುತ್ತಾರೆ? ರಕ್ಕಾ ಹೊಸ ಸರಣಿಯನ್ನು ಕಟ್ಟಿದ್ದೇ ಈ ಪ್ರಶ್ನೆಯ ಮೇಲೆ.

ಅವರು ಕೊಟ್ಟ ಉತ್ತರ ನನಗೆ ತುಂಬ ಹಿಡಿಸಿತು. ಚೆಕ್‌ಮೇಟ್ ಈಗ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಕೈಕೆಳಗೆ ಬರುತ್ತದೆ. ಹುದ್ದೆಗಳಿಗೆ ಚದುರಂಗದ ಕಾಯಿಗಳ ಹೆಸರು. ವಿಶೇಷ ಶಕ್ತಿ ಇರುವ ಒಬ್ಬರ ಜೊತೆಗೆ ಶಕ್ತಿ ಇಲ್ಲದ ಒಬ್ಬರು ಇರಲೇಬೇಕು ಎಂಬ ನಿಯಮ. ಹಾಗಾಗಿ ವೈಟ್ ಕಿಂಗ್ ಆಗಿ ಮೊದಲ ಗ್ರೀನ್ ಲ್ಯಾಂಟರ್ನ್ ಆಲನ್ ಸ್ಕಾಟ್ ಇದ್ದರೆ, ಎದುರಿಗೆ ವೈಟ್ ಕ್ವೀನ್ ಆಗಿ ಅಮಾಂಡಾ ವಾಲರ್. ಅವನಿಗೆ ಕೊಲ್ಲುವುದು ಒಗ್ಗದು. ಅವಳಿಗೆ ಅದು ಕೆಲಸದ ಒಂದು ಭಾಗ, ಅಷ್ಟೇ. ಕಾರ್ಯಾಚರಣೆ ನಡೆಯುತ್ತಿರುವಾಗಲೇ ಮಂಡಳಿಯಲ್ಲಿ ಮತದ ಲೆಕ್ಕಾಚಾರವೂ ನಡೆಯುತ್ತಿರುತ್ತದೆ. ಫೈರ್ ಎಂಬ ಬ್ರೆಜಿಲ್‌ನ ಹೀರೋಯಿನ್‌ಳ ಹಳೆಯ ಗುಟ್ಟೊಂದನ್ನು ಹಿಡಿದುಕೊಂಡು ವಾಲರ್ ಅವಳನ್ನು ಆಡಿಸುವ ಭಾಗ ಓದುವಾಗ ನಿಜಕ್ಕೂ ಉಸಿರು ಕಟ್ಟುತ್ತದೆ. ಅಲ್ಲಿ ಮುಷ್ಟಿ ಯುದ್ಧವಿಲ್ಲ. ಒಬ್ಬರಿಗೆ ಇನ್ನೊಬ್ಬರ ಬಗ್ಗೆ ಗೊತ್ತಿರುವುದೇ ಆಯುಧ.

ಸರಣಿಯನ್ನಷ್ಟೇ ಓದುವವರಿಗೆ ಮೊದಲ ಕೆಲವು ಸಂಚಿಕೆ ಕಷ್ಟ ಕೊಡುತ್ತವೆ. ಯಾರು ಬಿಷಪ್, ಯಾರು ನೈಟ್, ಸಂಸ್ಥೆಯ ಸಾಶಾ ಬೋರ್ಡೋ ಎಂಬವಳ ಮೈಯಲ್ಲಿ ಲೋಹ ಏಕೆ ಎಂದು ತಡಕಾಡಬೇಕು. ಆದರೆ ಇಡೀ ಇನ್ಫಿನಿಟ್ ಕ್ರೈಸಿಸ್ ಓದುವ ಅಗತ್ಯವಿಲ್ಲ. ಆರು ಸಂಚಿಕೆಯ ‘ದಿ ಓಮ್ಯಾಕ್ ಪ್ರಾಜೆಕ್ಟ್’ ಸಾಕು. ಅದೂ ರಕ್ಕಾ ಮತ್ತು ಸಾಯಿಜ್ ಜೋಡಿಯದೇ. ಮುಂದೆ ‘ಔಟ್‌ಸೈಡರ್ಸ್’ ಸರಣಿಯ ಜೊತೆ ಒಂದು ಕ್ರಾಸ್‌ಓವರ್ ಬರುತ್ತದೆ. ಅದನ್ನು ಬಿಟ್ಟು ಓದಿದರೂ ನಷ್ಟವಿಲ್ಲ.

ಸೀಕ್ರೆಟ್ ವಾರಿಯರ್ಸ್ ಮಾರ್ವೆಲ್‌ನದು, 2009ರಿಂದ 2011ರವರೆಗೆ 28 ಸಂಚಿಕೆ. ಬ್ರಯನ್ ಮೈಕೆಲ್ ಬೆಂಡಿಸ್ ಜೊತೆ ಶುರು ಮಾಡಿ ಮುಂದೆ ಒಬ್ಬರೇ ಬರೆದವರು ಜೋನಾಥನ್ ಹಿಕ್‌ಮನ್. ಇದಕ್ಕೆ ಹುಟ್ಟಿನಿಂದಲೇ ಒಂದು ಅನುಕೂಲವಿತ್ತು. ಹಿಂದಿನ ವರ್ಷದ ‘ಸೀಕ್ರೆಟ್ ಇನ್ವೇಶನ್’ ಕಥೆಯೇ ಗೂಢಚಾರಿಕೆಯದು: ರೂಪ ಬದಲಿಸುವ ಸ್ಕ್ರಲ್‌ಗಳು ಹೀರೋಗಳ ವೇಷದಲ್ಲಿ ಒಳಗೆ ನುಸುಳಿರುತ್ತಾರೆ. ಆ ಯುದ್ಧ ಮುಗಿದಾಗ ಅಧಿಕಾರ ಖಳ ನಾರ್ಮನ್ ಆಸ್ಬಾರ್ನ್ ಕೈಗೆ ಹೋಗುತ್ತದೆ, ಶೀಲ್ಡ್ ಎಂಬ ಗೂಢಚಾರ ಸಂಸ್ಥೆ ಮುಚ್ಚುತ್ತದೆ. ತಲೆಮರೆಸಿಕೊಂಡ ನಿಕ್ ಫ್ಯೂರಿ ತನ್ನದೇ ಹುಡುಗ ಹುಡುಗಿಯರ ತಂಡ ಕಟ್ಟುತ್ತಾನೆ. ಮೊದಲ ಸಂಚಿಕೆಯಲ್ಲೇ ಬಾಂಬ್ ಬೀಳುತ್ತದೆ. ತಾನು ಇಷ್ಟು ವರ್ಷ ನಡೆಸಿದ ಶೀಲ್ಡ್ ಶತ್ರು ಸಂಸ್ಥೆ ಹೈಡ್ರಾದ ಹಿಡಿತದಲ್ಲೇ ಇತ್ತು ಎಂದು ಫ್ಯೂರಿಗೆ ಗೊತ್ತಾಗುತ್ತದೆ. ಶೀಲ್ಡ್ ಒಳಗೇ ಹೈಡ್ರಾ ಅಡಗಿದ್ದನ್ನು ಮಾರ್ವೆಲ್ ಸಿನಿಮಾದಲ್ಲಿ ನೋಡಿದವರಿಗೆ ಇಲ್ಲಿ ಅದು ಬೇರೆ ರೀತಿ ತಟ್ಟುತ್ತದೆ, ಏಕೆಂದರೆ ಇಲ್ಲಿ ಮೋಸ ಹೋದವನ ಒಳಗಿನಿಂದಲೇ ಕಥೆ ಹೊರಡುತ್ತದೆ. ಸಂಸ್ಥೆಗಳ ನಕ್ಷೆ, ಯಾರ ಮೇಲೆ ಯಾರು ಎಂಬ ಪಟ್ಟಿಗಳನ್ನೂ ಹಿಕ್‌ಮನ್ ಕೊಡುತ್ತಾರೆ. ನನಗೆ ಅವು ಇಷ್ಟವಾದವು.

ಇಲ್ಲಿನ ಟೈ-ಇನ್‌ಗಳಲ್ಲಿ, ಅಂದರೆ ದೊಡ್ಡ ಕಥೆಗೆ ತಳುಕು ಹಾಕಿದ ಸಂಚಿಕೆಗಳಲ್ಲಿ, ಒಂದರ ಬಗ್ಗೆ ಹೇಳಲೇಬೇಕು. 2010ರ ‘ಸೀಜ್’ ಯುದ್ಧದಲ್ಲಿ ಯುದ್ಧದೇವತೆ ಏರೀಸ್ ಸಾಯುತ್ತಾನೆ. ಅವನ ಮಗ ಫೋಬೋಸ್, ಇನ್ನೂ ಚಿಕ್ಕ ಹುಡುಗ, ಫ್ಯೂರಿಯ ತಂಡದಲ್ಲಿದ್ದಾನೆ. ದೊಡ್ಡ ಕಥೆಗೆ ಏರೀಸ್ ಸಾವು ಒಂದು ಭಯಂಕರ ಪುಟ, ಅಷ್ಟೇ. ಒಂದೇ ಸಂಚಿಕೆಯ ‘ಸೀಜ್: ಸೀಕ್ರೆಟ್ ವಾರಿಯರ್ಸ್’ ಆ ಹುಡುಗನ ಹಿಂದೆ ಹೋಗುತ್ತದೆ. ಅವನು ಯುದ್ಧಭೂಮಿಗೆ ಹೋಗುವುದಿಲ್ಲ. ತಂದೆಯ ಸಾವಿಗೆ ಹೊಣೆ ಯಾರೆಂದು ಲೆಕ್ಕ ಹಾಕಿ ಸೀದಾ ಶ್ವೇತಭವನಕ್ಕೆ ನುಗ್ಗುತ್ತಾನೆ, ಅಧ್ಯಕ್ಷರಿಗೆ ಒಂದು ಪತ್ರ ಬಿಟ್ಟು ಬರುತ್ತಾನೆ. ಟೈ-ಇನ್ ಎಂದರೆ ಹೀಗಿರಬೇಕು. ಎಲ್ಲರೂ ನೋಡಿದ ಸಾವಿನಿಂದ ಯಾರೂ ನೋಡದ ಒಂದು ದುಃಖವನ್ನು ಹೊರತೆಗೆಯಬೇಕು.

ಆದರೂ ಮಧ್ಯದಲ್ಲಿ ಈ ಸರಣಿ ನನಗೆ ಭಾರವಾಯಿತು. ಹೈಡ್ರಾ ಸಾಲದು ಎಂದು ಲೆವಿಯಾಥನ್ ಎಂಬ ಇನ್ನೊಂದು ಗುಪ್ತ ಸಂಸ್ಥೆ ಬರುತ್ತದೆ, ಫ್ಯೂರಿಯ ಬೇರೆ ತಂಡಗಳು ಬರುತ್ತವೆ. ಡೇಸಿ ಜಾನ್ಸನ್ ಬಿಟ್ಟರೆ ತಂಡದ ಹಲವರು ಮನಸ್ಸಿನಲ್ಲಿ ಉಳಿಯುವಷ್ಟು ಬೆಳೆಯುವುದಿಲ್ಲ. ಫ್ಯೂರಿಯ ಯೋಜನೆ ಮುಖ್ಯವಾಗುತ್ತದೆ, ಅದಕ್ಕೆ ಬಲಿಯಾದ ಮಕ್ಕಳು ಹಿಂದೆ ಸರಿಯುತ್ತಾರೆ.

ಗ್ರೇಸನ್ ಚಿಕ್ಕದು. 2014ರಿಂದ 2016, ಕೇವಲ 20 ಸಂಚಿಕೆ, ಜೊತೆಗೆ ಕೆಲವು ಬಿಡಿ ಸಂಚಿಕೆಗಳು. ಬರಹ ಟಿಮ್ ಸೀಲಿ ಮತ್ತು ಟಾಮ್ ಕಿಂಗ್, ಚಿತ್ರ ಮಿಕೆಲ್ ಹಾನಿನ್. ಕಿಂಗ್ ಹಿಂದೆ ಸಿಐಎಯಲ್ಲಿ ಕೆಲಸ ಮಾಡಿದವರು. ‘ಫಾರೆವರ್ ಈವಿಲ್’ ಕಥೆಯಲ್ಲಿ ಖಳರು ಬ್ಯಾಟ್‌ಮನ್ ಬೆಳೆಸಿದ ಹೀರೋ ನೈಟ್‌ವಿಂಗ್‌ನ ಮುಖವಾಡ ಕಳಚಿ ಅವನು ಡಿಕ್ ಗ್ರೇಸನ್ ಎಂದು ಜಗತ್ತಿಗೆಲ್ಲ ಸಾರುತ್ತಾರೆ. ಗುಟ್ಟು ಪೂರ್ತಿ ಬಯಲಾದ ಇಂಥವನನ್ನೇ ಗೂಢಚಾರ ಮಾಡುತ್ತಾರೆ, ಎಂಥ ಧೈರ್ಯ ನೋಡಿ! ಅವನು ಸತ್ತನೆಂದು ಎಲ್ಲರೂ ನಂಬಿದ್ದಾರೆ. ನಿಜ ಗೊತ್ತಿರುವ ಬ್ಯಾಟ್‌ಮನ್ ಅವನನ್ನು ಸ್ಪೈರಲ್ ಎಂಬ ಸಂಸ್ಥೆಯೊಳಗೆ ಕಳಿಸುತ್ತಾನೆ. ಅಲ್ಲಿನ ಏಜೆಂಟರ ಮುಖ ಯಾರಿಗೂ ನೆನಪಿರದಂತೆ ಮಾಡುವ ತಂತ್ರವಿದೆ. ಹಾನಿನ್ ಆ ಮುಖಗಳ ಜಾಗದಲ್ಲಿ ಬರೀ ಸುರುಳಿ ಬರೆಯುತ್ತಾರೆ.

ಇಲ್ಲಿ ಇನ್ನೊಂದು ದೊಡ್ಡ ಕಥೆ ಬಂದು ಬಡಿಯುತ್ತದೆ. 2015ರಲ್ಲಿ ಬ್ಯಾಟ್‌ಮನ್ ಸರಣಿಯ ‘ಎಂಡ್‌ಗೇಮ್’ ಮುಗಿದಾಗ ಬ್ರೂಸ್ ವೇಯ್ನ್, ಅಂದರೆ ಬ್ಯಾಟ್‌ಮನ್, ತನ್ನ ಹಳೆಯ ನೆನಪೆಲ್ಲ ಕಳೆದುಕೊಳ್ಳುತ್ತಾನೆ. ಬೇರೆ ಸರಣಿಗಳಿಗೆ ಅದು ಬ್ಯಾಟ್‌ಮನ್ ಜಾಗಕ್ಕೆ ಬೇರೆಯವರು ಬಂದ ಸುದ್ದಿ. ಡಿಕ್‌ಗೆ ಮಾತ್ರ ಅದು ಪ್ರಾಣದ ಪ್ರಶ್ನೆ. ಗುಪ್ತ ಹೆಸರಿನಲ್ಲಿ ಅವನು ವರದಿ ಕಳಿಸುತ್ತಿದ್ದುದು ಬ್ರೂಸ್‌ಗೆ. ಈಗ ಆ ಕಡೆಯಿಂದ ಉತ್ತರವೇ ಇಲ್ಲ. ತನ್ನನ್ನು ಕಳಿಸಿದವನಿಗೆ ತಾನು ಯಾರೆಂದೇ ಗೊತ್ತಿಲ್ಲ. 12ನೇ ಸಂಚಿಕೆಯಲ್ಲಿ ಅವನು ಗಾಥಮ್‌ಗೆ ಮರಳುತ್ತಾನೆ, ಬ್ರೂಸ್ ಎದುರು ನಿಲ್ಲುತ್ತಾನೆ, ಸತ್ತನೆಂದು ಅತ್ತಿದ್ದ ತಮ್ಮಂದಿರ ಸಿಟ್ಟು ಎದುರಿಸುತ್ತಾನೆ. ಈ ಮೂರು ಸರಣಿಗಳಲ್ಲಿ ನನ್ನನ್ನು ಇಷ್ಟು ಕಲಕಿದ ಸಂಚಿಕೆ ಇನ್ನೊಂದಿಲ್ಲ. ಬೇರೆಯವರು ಎಲ್ಲೋ ಮಾಡಿದ ತಿರುವನ್ನು ಸೀಲಿ ಮತ್ತು ಕಿಂಗ್ ಪೂರ್ತಿ ತಮ್ಮದಾಗಿಸಿಕೊಂಡಿದ್ದಾರೆ.

15ನೇ ಸಂಚಿಕೆಯಲ್ಲಿ ಇದೇ ಸರಣಿ ಮುಗ್ಗರಿಸುತ್ತದೆ. ಅದು ‘ರಾಬಿನ್ ವಾರ್’ ಎಂಬ ಕ್ರಾಸ್‌ಓವರ್‌ನ ಒಂದು ತುಂಡು. ಬೇರೆ ಪುಸ್ತಕದ ನಡುವೆ ಶುರುವಾಗಿ ಬೇರೆ ಪುಸ್ತಕದ ನಡುವೆಯೇ ನಿಲ್ಲುತ್ತದೆ. ಸ್ಪೈರಲ್‌ನ ಬಿಗಿ ಅಲ್ಲಿ ಸಡಿಲವಾಗುತ್ತದೆ. 17ರ ನಂತರ ಸೀಲಿ, ಕಿಂಗ್ ಇಬ್ಬರೂ ಇಲ್ಲ.

ಹಾಗಾದರೆ ಯಾವುದು? ಗೂಢಚಾರಿಕೆಯ ರಾಜಕೀಯ ಬೇಕೆನ್ನುವವರಿಗೆ ಚೆಕ್‌ಮೇಟ್‌ಗೆ ಎದುರಿಲ್ಲ. ಮತ್ತೆ ಮತ್ತೆ ಓದಲು ನಾನು ತೆಗೆಯುವುದೂ ಅದನ್ನೇ. ಸೀಕ್ರೆಟ್ ವಾರಿಯರ್ಸ್ ಮಾರ್ವೆಲ್‌ನ ಆ ಕಾಲದ ಕಥೆಗಳನ್ನು ಆಗಲೇ ಬಲ್ಲವರಿಗೆ ಸರಿ, ಹೊಸಬರು ಅದರಿಂದ ಶುರು ಮಾಡುವುದು ಬೇಡ. ಮೊದಲ ಸಲ ಈ ಕಡೆ ಬರುವವರ ಕೈಗೆ ನಾನು ಗ್ರೇಸನ್ ಕೊಡುತ್ತೇನೆ. ಫಾರೆವರ್ ಈವಿಲ್‌ನ ಏಳು ಸಂಚಿಕೆ ಬಿಟ್ಟುಬಿಡಿ. ‘ನೈಟ್‌ವಿಂಗ್’ ಸರಣಿಯ 30ನೇ ಸಂಚಿಕೆ ಓದಿ, ಡಿಕ್ ಏಕೆ ಹೊರಟ ಎಂಬುದೆಲ್ಲ ಅದರಲ್ಲೇ ಇದೆ. ಅಲ್ಲಿಂದ ಸೀದಾ 1ರಿಂದ 12. ನಡುವೆ ‘ಫ್ಯೂಚರ್ಸ್ ಎಂಡ್’ ಹೆಸರಿನ ಬಿಡಿ ಸಂಚಿಕೆಯೊಂದಿದೆ, ಕಥೆ ಕೊನೆಯಿಂದ ಮೊದಲಿಗೆ ಹಿಮ್ಮುಖವಾಗಿ ಸಾಗುತ್ತದೆ. ಅದೂ ಟೈ-ಇನ್ನೇ, ಆದರೂ ಅದನ್ನು ಬಿಡಬೇಡಿ.