ಮಲೆನಾಡಿನ ಮನೆಗೆ ಸ್ಟೀಲ್ ಪುಸ್ತಕದ ಬೀರು: ಒಂದು ಮಳೆಗಾಲ ಕಳೆದ ಮೇಲೆ

ತೀರ್ಥಹಳ್ಳಿ ಹತ್ತಿರದ ನಮ್ಮ ಹೆಂಚಿನ ಮನೆಯಲ್ಲಿ ಸುಮಾರು 600 ಪುಸ್ತಕಗಳಿವೆ, ಅರ್ಧ ಅಪ್ಪ ತಂದದ್ದು. ಎಲ್ಲ ಗೋಡೆಗೆ ಹೊಡೆದ ಮರದ ಹಲಗೆ ಮೇಲಿದ್ದವು. ಹೋದ ವರ್ಷ ಅಪ್ಪನ ಒಂದು ಪುಸ್ತಕ ಎಳೆದರೆ ಕೈಗೆ ಬಂದದ್ದು ರಟ್ಟು ಮಾತ್ರ, ಒಳಗೆ ಪೂರ್ತಿ ಗೆದ್ದಲು ಮಣ್ಣು. ತುಂಬಾ ಸಂಕಟವಾಯಿತು. ಅದೇ ವಾರ ಶಿವಮೊಗ್ಗಕ್ಕೆ ಹೋಗಿ ಆರೂವರೆ ಅಡಿ ಎತ್ತರದ, ಗಾಜಿನ ಬಾಗಿಲಿನ ಸ್ಟೀಲ್ ಬೀರು ತಂದೆ. 14,500 ರೂಪಾಯಿ, ಗಾಡಿ ಬಾಡಿಗೆ ಬೇರೆ.

ಗೆದ್ದಲಿನ ಕಾಟ ನಿಂತಿದೆ. ಬಾಗಿಲು ತೆಗೆಯದೆಯೇ ಪುಸ್ತಕದ ಬೆನ್ನು ಓದಬಹುದು, ಅದೂ ಇಷ್ಟವಾಯಿತು.

ಆದರೆ ಹಲಗೆ ತೆಳು. ನಿಘಂಟಿನ 8 ಸಂಪುಟ ಇಟ್ಟ ತಿಂಗಳಿಗೇ ನಡುವೆ ಬಗ್ಗಿತು. ಅಂಗಡಿಗೆ ಫೋನ್ ಮಾಡಿದರೆ, 'ಅಷ್ಟು ಭಾರ ಯಾಕೆ ಇಟ್ರಿ ಸಾರ್' ಅಂದರು. ಪುಸ್ತಕದ ಬೀರು ಅಂತಲೇ ಮಾರಿದ್ದು ಅವರೇ ಅಲ್ವಾ? ಕೊನೆಗೆ ಊರಿನ ವೆಲ್ಡಿಂಗ್ ಶಾಪಿನಲ್ಲಿ ಹಲಗೆಯ ಅಡಿಭಾಗಕ್ಕೆ ಒಂದು ಪಟ್ಟಿ ಹಾಕಿಸಿದೆ, ದಪ್ಪ ಸಂಪುಟಗಳನ್ನು ಕೆಳಗಿನ ಹಲಗೆಗೆ ಇಳಿಸಿದೆ.

ಜಾಸ್ತಿ ತಲೆಬಿಸಿ ಆಗಿದ್ದು ಜುಲೈನಲ್ಲಿ. ಒಂದು ಬೆಳಿಗ್ಗೆ ನೋಡಿದರೆ ಗಾಜಿನ ಒಳಮೈ ಬೆವತಿದೆ, ಬಟ್ಟೆ ರಟ್ಟಿನ ಪುಸ್ತಕಗಳ ಮೇಲೆ ಬೆಳ್ಳಗೆ ಬೂಷ್ಟು. ಮಳೆ ಹಿಡಿದ ಮೇಲೆ ತೇವ ಕುಡಿದ ಪುಸ್ತಕಗಳನ್ನೇ ಒಳಗಿಟ್ಟು ಬಾಗಿಲು ಹಾಕಿದ್ದೆ, ಆ ತೇವ ಹೋಗುವುದಾದರೂ ಎಲ್ಲಿಗೆ? ನುಸಿಗುಳಿಗೆ ಹುಳಕ್ಕೆ ಮಾತ್ರ, ತೇವ ಹೀರುವುದಿಲ್ಲ. ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಮುಂದೆ ತಂದು, ಹಿಂದಿನ ತಗಡಿಗೆ ತೂತು ಕೊರೆಸಿ, ಅದಕ್ಕೆ ಸಣ್ಣ ಜಾಲರಿ ಹಚ್ಚಿಸಿದೆ. ಪ್ರತಿ ಹಲಗೆಯಲ್ಲೂ ಬಟ್ಟೆ ಚೀಲದಲ್ಲಿ ತೇವ ಹೀರುವ ನೀಲಿ ಸಿಲಿಕಾ ಜೆಲ್ ಕಾಳು ಇಟ್ಟೆ. ತೇವ ಕುಡಿದಂತೆ ಆ ಕಾಳು ಗುಲಾಬಿ ಬಣ್ಣಕ್ಕೆ ತಿರುಗುತ್ತವೆ. ಆಗ ಬಚ್ಚಲೊಲೆಯ ಕೆಂಡದ ಮೇಲೆ ಹಳೇ ತಟ್ಟೆಯಲ್ಲಿ ಬಿಸಿ ಮಾಡಿದರೆ ನಿಧಾನಕ್ಕೆ ಮತ್ತೆ ನೀಲಿ. ಅಡುಗೆ ಪಾತ್ರೆ ಮಾತ್ರ ಬೇಡ, ಆ ನೀಲಿ ಬಣ್ಣ ವಿಷ. ಆಗಸ್ಟ್ ಪೂರ್ತಿ ಹೊಸ ಬೂಷ್ಟು ಬರಲಿಲ್ಲ.

ಜೋಡಿಸುವಾಗ ಲೇಖಕರ ಹೆಸರಿನ ಅಕ್ಷರ ಹಿಡಿದೆ. ನಮ್ಮಲ್ಲಿ ಅದು ಸುಲಭವಲ್ಲ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಅವರನ್ನು 'ಪು'ದಲ್ಲಿ ಇಟ್ಟರೆ ಮನೆಯಲ್ಲಿ ಯಾರಿಗೂ ಸಿಗುವುದಿಲ್ಲ, ಎಲ್ಲರೂ ಹುಡುಕುವುದು ಕುವೆಂಪು ಅಂತಲೇ. ಹಾಗಾಗಿ ಕಾವ್ಯನಾಮ ಇದ್ದರೆ ಅದೇ ಮೊದಲು.

ತಗೊಳ್ಳಬಹುದಾ ಅಂದರೆ, ತಗೊಳ್ಳಿ. ದುಡ್ಡು ಕೊಡುವ ಮುಂಚೆ ಹಲಗೆಯ ನಡುವೆ ಅಂಗೈ ಊರಿ ಜೋರಾಗಿ ಒತ್ತಿ ನೋಡಿ, ಅಡಿಗೆ ಪಟ್ಟಿ ಇದೆಯಾ ಅಂತ ಕೈ ಹಾಕಿ. ಪುಸ್ತಕಗಳನ್ನು ಏಪ್ರಿಲ್ ಬಿಸಿಲು ಇರುವಾಗಲೇ ಒಣಗಿಸಿ ಒಳಗಿಡಿ.