ಪದ್ಮಿನಿಯ ಪೆಟ್ರೋಲ್ ಟಾಕಿ: ಆ್ಯಸಿಡ್, ವಿನೆಗರ್, ನಿಂಬೆ ಉಪ್ಪು, ಕರೆಂಟು ಎಲ್ಲಾ ನೋಡಿದ ಮೇಲೆ

ಅಪ್ಪಾಜಿಯ ಪ್ರೀಮಿಯರ್ ಪದ್ಮಿನಿ ಕಾರು ಆರು ವರ್ಷ ಧಾರವಾಡದ ಮನೆಯ ಅಂಗಳದಲ್ಲೇ ನಿಂತಿತ್ತು. ಇಲ್ಲಿಯ ಮಳೆ ಗೊತ್ತಲ್ವಾ. ಕಾರ್ಬ್ಯುರೇಟರ್ ಮೂರು ಸಲ ತೊಳೆಸಿದೆ, ಆದರೂ ಹುಬ್ಬಳ್ಳಿ ಕಡೆ ಹೊರಟರೆ ನವನಗರ ದಾಟುವಷ್ಟರಲ್ಲಿ ಗಾಡಿ ಜಗ್ಗಿ ಜಗ್ಗಿ ನಿಲ್ಲುತ್ತಿತ್ತು. ಕೊನೆಗೆ ಟಾಕಿ ಇಳಿಸಿ, ಪೆಟ್ರೋಲ್ ಮಟ್ಟ ತೋರಿಸುವ ಫ್ಲೋಟ್ ಬಿಚ್ಚಿ, ಆ ತೂತಿನಿಂದ ಬ್ಯಾಟರಿ ಬಿಟ್ಟು ನೋಡಿದೆ. ತಳದ ತುಂಬ ಕುಂಕುಮ ಚೆಲ್ಲಿದ ಹಾಗೆ ಜಂಗು, ಅಂದರೆ ತುಕ್ಕು.

ಕೇಳಿದವರೆಲ್ಲ ಒಂದೊಂದು ಉಪಾಯ ಹೇಳಿದರು. ಇರುವುದೊಂದೇ ಟಾಕಿ, ಅದರ ಮೇಲೆ ಪ್ರಯೋಗ ಮಾಡಲು ಮನಸ್ಸು ಬರಲಿಲ್ಲ. ಗುಜರಿಯಿಂದ ತೂತು ಬಿದ್ದ ಇನ್ನೊಂದು ಟಾಕಿ ತಂದೆ. ಸೋಪಿನ ನೀರಲ್ಲಿ ನಾಲ್ಕೈದು ಸಲ ತೊಳೆದು, ತಗಡು ಕತ್ತರಿಸುವ ಕತ್ತರಿಯಿಂದ ಅಂಗೈ ಅಗಲದ ನಾಲ್ಕು ತುಂಡು ಮಾಡಿ, ಒಂದೊಂದು ಉಪಾಯಕ್ಕೆ ಒಂದೊಂದು ಇಟ್ಟೆ. ಪೆಟ್ರೋಲ್ ಟಾಕಿಗೆ ಗ್ರೈಂಡರ್, ವೆಲ್ಡಿಂಗ್ ಹತ್ತಿರವೂ ತರಬೇಡಿ. ತುಂಬಿದ ಟಾಕಿಗಿಂತ ಖಾಲಿ ಟಾಕಿಯೊಳಗಿನ ಆವಿಯೇ ಜಾಸ್ತಿ ಅಪಾಯ, ಒಂದು ಕಿಡಿ ಸಾಕು.

ಮೊದಲ ದಿನ ಯಾವ ತುಂಡಿನಲ್ಲೂ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಉಗುರಿನಿಂದ ಕೆರೆದು ನೋಡಿದಾಗ ಕಾರಣ ಸಿಕ್ಕಿತು: ಹಳೇ ಪೆಟ್ರೋಲ್ ಒಣಗಿ ಬೆಲ್ಲದ ಪಾಕದ ಹಾಗೆ ಅಂಟು ಕಟ್ಟಿತ್ತು, ಜಂಗು ಅದರ ಕೆಳಗೆ ಅಡಗಿತ್ತು. ಈ ಅಂಟಿಗೆ ಹುಳಿ ನಾಟುವುದಿಲ್ಲ. ಥಿನ್ನರ್‌ನಲ್ಲಿ ಅಂಟು ತೆಗೆದು, ಬಿಸಿ ಸೋಪಿನ ನೀರಲ್ಲಿ ಉಜ್ಜಿ ಮತ್ತೆ ಶುರು ಮಾಡಿದೆ. ಇದನ್ನು ನನಗೆ ಯಾರೂ ಹೇಳಿರಲಿಲ್ಲ, ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಮೆಕ್ಯಾನಿಕ್ ಹೇಳಿದ್ದು ಟಾಯ್ಲೆಟ್ ತೊಳೆಯುವ ಆ್ಯಸಿಡ್. "ಅರ್ಧಾ ತಾಸಿನ್ಯಾಗ ಬೆಳ್ಳಿ ಹಂಗ ಆಕ್ಕೇತ್ರಿ" ಅಂದರು. ಮಾತು ಸುಳ್ಳಲ್ಲ. ಇಪ್ಪತ್ತು ನಿಮಿಷಕ್ಕೆ ತುಂಡು ಹೊಳೆಯಿತು. ಆದರೆ ಹೈಡ್ರೋಕ್ಲೋರಿಕ್ ಆ್ಯಸಿಡ್ ಜಂಗು ತಿಂದು ಸುಮ್ನೆ ಕೂರುವುದಿಲ್ಲ, ಕಬ್ಬಿಣವನ್ನೂ ತಿನ್ನುತ್ತದೆ. ಬಿಸಿಲಿಗೆ ಹಿಡಿದರೆ ತಗಡಿನಲ್ಲಿ ಸೂಜಿ ಚುಚ್ಚಿದಂಥ ಎರಡು ತೂತು ಕಂಡವು. ತೊಳೆದಿಟ್ಟು ಚಹಾ ಕುಡಿದು ಬರುವಷ್ಟರಲ್ಲಿ ತುಂಡು ಮತ್ತೆ ಹಳದಿ. ಅದರ ಹೊಗೆ ಬಡಿದು ಶೆಡ್ಡಿನ ಗೋಡೆಗೆ ತೂಗುಹಾಕಿದ್ದ ಪಾನಗಳಿಗೂ (ಸ್ಪ್ಯಾನರ್) ಬೆಳಗಾಗುವಷ್ಟರಲ್ಲಿ ಜಂಗು ಹತ್ತಿತ್ತು. ಹಳೇ ಟಾಕಿಗೆ ಇದು ಬೇಡವೇ ಬೇಡ.

ವಿನೆಗರ್ ತುಂಬ ಸಾಧು. ಎರಡು ದಿನಕ್ಕೆ ಅರ್ಧ ಜಂಗು ಬಿಟ್ಟಿತು. ಆದರೆ ನನ್ನ ಟಾಕಿಗೆ 38 ಲೀಟರ್ ಬೇಕು, ಬಾಟಲಿ ಬಾಟಲಿ ಸುರಿಯುತ್ತ ಹೋದರೆ ಖರ್ಚೆಷ್ಟು ಲೆಕ್ಕ ಹಾಕಿ. ಬೈಕಿನ ಸಣ್ಣ ಟಾಕಿಗಾದರೆ ಸರಿ.

ಕರೆಂಟಿನ ವಿಧಾನ ನನಗೆ ಬಹಳ ಇಷ್ಟವಾಯಿತು. ವಾಷಿಂಗ್ ಸೋಡಾ ಕರಗಿಸಿದ ನೀರು, 12 ವೋಲ್ಟಿನ ಬ್ಯಾಟರಿ ಚಾರ್ಜರ್, ಜಂಗಿನ ತುಂಡಿಗೆ ಮೈನಸ್, ಬೇರೊಂದು ಕಬ್ಬಿಣದ ಸರಳಿಗೆ ಪ್ಲಸ್. ಕೆಂಪು ಜಂಗು ಕಪ್ಪಾಗಿ ಬ್ರಷ್ಷಿಗೆ ಬಿಟ್ಟುಬಂತು, ಒಳ್ಳೆಯ ಕಬ್ಬಿಣಕ್ಕೆ ಏನೂ ಆಗಲಿಲ್ಲ. ಸರಳು ಸ್ಟೇನ್‌ಲೆಸ್ ಸ್ಟೀಲಿನದು ಬೇಡ, ವಿಷದ ಕ್ರೋಮಿಯಂ ನೀರಿಗೆ ಬಿಡುತ್ತದೆ. ಉಪ್ಪೂ ಹಾಕಬೇಡಿ, ಕ್ಲೋರಿನ್ ಬರುತ್ತದೆ. ಹೈಡ್ರೋಜನ್ ಹೊರಡುವುದರಿಂದ ಬಯಲಲ್ಲೇ ಮಾಡಿ. ಇಷ್ಟೆಲ್ಲ ಒಳ್ಳೆಯದಿದ್ದರೂ ಟಾಕಿಯೊಳಗೆ ಇದು ಸೋಲುತ್ತದೆ. ಸರಳಿಗೆ ಎದುರಾಗಿರುವ ಜಾಗ ಚೆನ್ನಾಗಿ ತೆರವಾಗುತ್ತದೆ, ಮೂಲೆ ಮತ್ತು ಅಡ್ಡತಗಡಿನ ಹಿಂಭಾಗ ಹಾಗೇ ಉಳಿಯುತ್ತದೆ.

ಉಳಿದದ್ದು ಸಿಟ್ರಿಕ್ ಆ್ಯಸಿಡ್, ಅಂದರೆ ಕಿರಾಣಿ ಅಂಗಡಿಯ ನಿಂಬೆ ಉಪ್ಪು. ಲೀಟರಿಗೆ 50 ಗ್ರಾಂ ಲೆಕ್ಕದಲ್ಲಿ ಬಿಸಿನೀರಿಗೆ ಹಾಕಿದೆ. 24 ತಾಸಿಗೆ ತುಂಡು ಒಂದೇ ಸಮನೆ ಬೂದಿ ಬಣ್ಣಕ್ಕೆ ಬಂತು, ತೂತು ಬೀಳಲಿಲ್ಲ. ಹಾಗಂತ ಮರೆತು ವಾರಗಟ್ಟಲೆ ಬಿಟ್ಟರೆ ಇದೂ ಕಬ್ಬಿಣ ತಿನ್ನುತ್ತದೆ. ನಿಜವಾದ ಟಾಕಿಗೆ ಇದನ್ನೇ ಆರಿಸಿದೆ, ಎರಡು ಕಿಲೋ ಸಾಕಾಯಿತು. ಮೊದಲು ಸೋಪಿನ ನೀರಿನ ಜೊತೆ ಒಂದು ಮಾರು ಸರಪಳಿ ಬಿಟ್ಟು, ಅದರ ತುದಿಗೆ ತಂತಿ ಕಟ್ಟಿ, ನಾನೂ ತಮ್ಮನೂ ಅರ್ಧ ತಾಸು ಅಲುಗಾಡಿಸಿದೆವು. ಕೆಲವರು ಖಡಿ, ಅಂದರೆ ಜಲ್ಲಿಕಲ್ಲು ಹಾಕುತ್ತಾರೆ. ಅದರ ಪುಡಿ ಒಳಗೇ ಉಳಿಯುತ್ತದೆ, ಸರಪಳಿಯಾದರೆ ಪೂರ್ತಿ ಹೊರಬರುತ್ತದೆ.

ಹುಳಿನೀರು ಚೆಲ್ಲಿದ ಮೇಲಿನ ಕಾಲು ತಾಸಿನಲ್ಲಿ ಕೈ ಚುರುಕಾಗಿರಬೇಕು. ಒದ್ದೆ ಕಬ್ಬಿಣ ಕಣ್ಣೆದುರೇ ಕೆಂಪಾಗುತ್ತದೆ. ನಮ್ಮ ಓಣಿಗೆ ನಲ್ಲಿ ನೀರು ದಿನಾ ಬರುವುದಿಲ್ಲ, ಹಾಗಾಗಿ ಡ್ರಮ್ ತುಂಬಿಸಿಟ್ಟುಕೊಂಡೇ ಕೆಲಸಕ್ಕೆ ಇಳಿದೆ. ಒಮ್ಮೆ ಅಡುಗೆ ಸೋಡಾದ ನೀರು, ಎರಡು ಸಲ ಬರೀ ನೀರು, ಕೂಡಲೇ ಹೇರ್ ಡ್ರೈಯರ್. ಹೀಗೆ ಗಾಳಿ ಹಾಕುವಾಗ ಒಳಗೆ ಪೆಟ್ರೋಲ್, ಥಿನ್ನರ್ ವಾಸನೆ ಚೂರೂ ಇರಬಾರದು. ಪೂರ್ತಿ ಒಣಗಿದ ಮೇಲೆ ಮತ್ತೆ ಜಂಗು ಹತ್ತದಿರಲಿ ಅಂತ ಒಂದು ಲೋಟ ಟು-ಟಿ ಆಯಿಲ್ (ಟೂ-ಸ್ಟ್ರೋಕ್ ಗಾಡಿಯ ಎಣ್ಣೆ) ಸುರಿದು ಟಾಕಿಯನ್ನು ಎಲ್ಲ ಕಡೆಗೂ ಹೊರಳಿಸಿದೆ.

ಒಳಗೆ ಎಪಾಕ್ಸಿ ಲೇಪ ಹೊಡೆಸು ಅಂತ ಗದುಗಿನ ಕಾಕಾ ಒತ್ತಾಯ ಮಾಡಿದರು. ಆದರೆ ಅವರದೇ ಅಂಬಾಸಡರ್‌ನಲ್ಲಿ ಎರಡು ವರ್ಷಕ್ಕೆ ಆ ಲೇಪ ಹಪ್ಪಳದ ಹಾಗೆ ಎದ್ದು ಪೆಟ್ರೋಲ್ ಪೈಪಿನ ಬಾಯಿಗೆ ಕೂತಿತ್ತು. ಎಣ್ಣೆ ಜಿಡ್ಡು ಪೂರ್ತಿ ತೆಗೆಯದೆ ಹೊಡೆದಿದ್ದರು. ತೂತಿಲ್ಲದ ಟಾಕಿಗೆ ನಾನಂತೂ ಹೊಡೆಸುವುದಿಲ್ಲ. ಅದರ ಬದಲು ಟಾಕಿ ಆದಷ್ಟು ತುಂಬಿಸಿಡುತ್ತೇನೆ. ಈಗಿನ ಪೆಟ್ರೋಲಿನಲ್ಲಿ ಶೇ 20 ಎಥನಾಲ್ ಇದೆ, ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಒಳಗೆ ಗಾಳಿ ಕಡಿಮೆಯಿದ್ದಷ್ಟು ನೀರೂ ಕಡಿಮೆ.

ಪಂಪಿನ ಮುಂದೆ ಒಳಗಿನದು ಕಾಣುವಂಥ ಪ್ಲಾಸ್ಟಿಕ್ ಫಿಲ್ಟರ್ ಹಾಕಿದ್ದೇನೆ. ಮೊದಲ ವಾರ ಒಂದು ಚಿಟಿಕೆ ಕಂದು ಪುಡಿ ಬಂತು, ಬದಲಿಸಿದೆ. ಆಮೇಲೆ ಅಪ್ಪಾಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾವೇರಿಗೆ ಹೋಗಿ ಬಂದೆ, ಗಾಡಿ ಎಲ್ಲೂ ನಿಲ್ಲಲಿಲ್ಲ. ಮನೆಗೆ ಬಂದ ಕೂಡಲೇ ಅವರೇ ಬಾನೆಟ್ ಎತ್ತಿಸಿ, ಕನ್ನಡಕ ಹಾಕಿಕೊಂಡು ಫಿಲ್ಟರ್ ನೋಡಿ, "ಸ್ವಚ್ಛ ಐತಿ" ಅಂದರು.