ಮಲ್ಪೆ, ಕಾಪು, ಪಡುಬಿದ್ರಿ: ಮನೆಮಂದಿ ಜೊತೆ ಕಡಲಿಗೆ ಹೋಗುವವರಿಗೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಪಡುಬಿದ್ರಿಗೆ. ಅದರಲ್ಲೂ ಅಲ್ಲಿನ ಎಂಡ್ ಪಾಯಿಂಟ್ ಬೀಚಿಗೆ.

ನಾವಿರುವುದು ಕಾರ್ಕಳದಲ್ಲಿ. ಮೂರು ವರ್ಷದಿಂದ ಈ ಮೂರೂ ಕಡೆ ಬೇಕಾದಷ್ಟು ಸಲ ಹೋಗಿ ಬಂದಿದ್ದೇವೆ. ಹೋಗುವುದು ನಾಲ್ಕೇ ಜನ: ನಾನು, ನಮ್ಮ ಯಜಮಾನರು, ಆರು ವರ್ಷದ ಮಗಳು, ಮಂಡಿನೋವಿರುವ ಅತ್ತೆ. ಕಾರು ಓಡಿಸುವವಳು ನಾನು. ಕಾರು ಎಲ್ಲಿ ನಿಲ್ಲಿಸಬೇಕು? ಅಲ್ಲಿಂದ ದಡಕ್ಕೆ ಅತ್ತೆ ನಡೆಯಬಹುದಾ? ಮಿಂದ ಮೇಲೆ ಮಗಳ ಮೈಮೇಲಿನ ಉಪ್ಪು ತೊಳೆಯಲು ನೀರಿದೆಯಾ? ಬಟ್ಟೆ ಬದಲಿಸಲು ಬಾಗಿಲಿರುವ ಕೋಣೆ ಇದೆಯಾ? ನನಗೆ ಬೇಕಾದದ್ದು ಇಷ್ಟೇ. ಸೂರ್ಯ ಮೂರೂ ಕಡೆ ಒಂದೇ ಥರ ಮುಳುಗುತ್ತಾನೆ.

ಮಲ್ಪೆ ಭಾನುವಾರಕ್ಕೆ ಬೇಡ ಅನಿಸಿದ್ದು ಒಂದೇ ಸಂಜೆಯಲ್ಲಿ.

ಡಿಸೆಂಬರ್ ತಿಂಗಳು. ಶಾಲಾ ಪ್ರವಾಸದ ಬಸ್ಸುಗಳು ಸಾಲಾಗಿ ನಿಂತಿದ್ದವು. ಉಡುಪಿಯಿಂದ ಮಲ್ಪೆಗೆ ಆರು ಕಿಲೋಮೀಟರ್ ಅಷ್ಟೇ. ಹಾಗಾಗಿ ಕೃಷ್ಣ ಮಠಕ್ಕೆ ಬಂದವರು ಹಾಗೇ ಕಡಲು ನೋಡಿಕೊಂಡು ಹೋಗೋಣ ಎಂದು ಬರುತ್ತಾರೆ. ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಹತ್ತುವವರೂ ಇಲ್ಲಿಗೇ ಬರಬೇಕು. ನಾವು ನಾಲ್ಕು ಗಂಟೆಗೆ ಹೋಗಿದ್ದರಿಂದ ಜಾಗ ಸಿಕ್ಕಿತು. ಕಾರಿನ ಮುಖ ಒಳಗೆ ಹಾಕಿ ನಿಲ್ಲಿಸಿದೆ. ಎರಡು ಗಂಟೆ ಚೆನ್ನಾಗಿಯೇ ಕಳೆಯಿತು. ಮಗಳು ಅಲೆಯಲ್ಲಿ ಹೊರಳಾಡಿದಳು, ಅತ್ತೆ ಚುರುಮುರಿ ತಿಂದರು.

ಆರೂವರೆಗೆ ವಾಪಸ್ ಬಂದರೆ ನಮ್ಮ ಕಾರಿನ ಹಿಂದೆ ಅಡ್ಡಲಾಗಿ ಒಂದು ದೊಡ್ಡ ಬಿಳಿ ಗಾಡಿ. ಹ್ಯಾಂಡ್‌ಬ್ರೇಕ್ ಹಾಕಿತ್ತು, ತಳ್ಳಿದರೆ ಅಲುಗುತ್ತಿರಲಿಲ್ಲ. ಗಾಜಿನ ಮೇಲೆ ಫೋನ್ ನಂಬರ್ ಇರಲಿಲ್ಲ. ಮುಂದೆ ಗೋಡೆ, ಎಡಬಲದಲ್ಲಿ ಕಾರುಗಳು. ಯಜಮಾನರು ಗಾಡಿ ನಂಬರ್ ಬರೆದುಕೊಂಡು ಮೈಕಿನಲ್ಲಿ ಕೂಗಿಸಿದರು. ಆ ಗದ್ದಲದಲ್ಲಿ, ಅಲೆಯ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಬಟ್ಟೆ ಬದಲಿಸುವ ಕೋಣೆಯ ಮುಂದೆ ಉದ್ದ ಸಾಲಿತ್ತು. ಮನೆಗೆ ಹೋಗಿಯೇ ಬದಲಿಸಿದರಾಯ್ತು ಎಂದು ಮಗಳನ್ನು ಒದ್ದೆ ಬಟ್ಟೆಯಲ್ಲೇ ಕರೆತಂದಿದ್ದೆ. ಗಾಳಿ ತಣ್ಣಗಾಗುತ್ತಿದ್ದಂತೆ ಅವಳು ನಡುಗತೊಡಗಿದಳು. ಅತ್ತೆ ಕಾರಿನ ಬಾಗಿಲು ತೆರೆದು, ಕಾಲು ಹೊರಗೆ ಚಾಚಿ ಕೂತರು. "ನನ್ನ ಸೆರಗು ಒಣಗಿದೆ, ಮಗುವಿಗೆ ಸುತ್ತು" ಎಂದು ತಾವೇ ಅವಳನ್ನು ಮಡಿಲಿಗೆ ಎಳೆದುಕೊಂಡರು.

ಗಾಡಿಯವರು ಬಂದಾಗ ಎಂಟು ಗಂಟೆ ಇಪ್ಪತ್ತು ನಿಮಿಷ. ಗಂಡ, ಹೆಂಡತಿ, ಹೆಗಲ ಮೇಲೆ ಮಲಗಿದ್ದ ಮಗು. "ಸಾರಿ ಮೇಡಂ, ಎಲ್ಲೂ ಜಾಗ ಇರಲಿಲ್ಲ, ಹತ್ತು ನಿಮಿಷ ಅಂತ ಹೋದೆವು" ಎಂದರು. ಬೈಯಬೇಕೆಂದು ಎರಡು ಗಂಟೆಯಿಂದ ಮಾತು ಜೋಡಿಸಿಟ್ಟಿದ್ದೆ. ಆ ಮಗುವನ್ನು ನೋಡಿ ಬಾಯಿ ಬರಲಿಲ್ಲ. ಅವರು ಹೇಳಿದ್ದೂ ನಿಜವೇ. ಭಾನುವಾರ ಐದು ಗಂಟೆ ದಾಟಿದರೆ ಅಲ್ಲಿ ಜಾಗ ಇರುವುದಿಲ್ಲ. ಬಂದವರು ಕಾರನ್ನು ತಲೆ ಮೇಲೆ ಹೊತ್ತುಕೊಂಡು ನಿಲ್ಲಲು ಆಗುತ್ತದಾ? ಆದರೆ ಒಂದು ಚೀಟಿಯಲ್ಲಿ ಫೋನ್ ನಂಬರ್ ಬರೆದಿಟ್ಟಿದ್ದರೆ ಐದು ನಿಮಿಷದಲ್ಲಿ ಮುಗಿಯುತ್ತಿತ್ತು. ನನಗೆ ಈಗಲೂ ಬೇಜಾರಾಗುವುದು ಅದೊಂದಕ್ಕೆ.

ಅಷ್ಟಾದ ಮೇಲೂ ಸುಲಭವಾಗಿ ಹೊರಟೆವು ಅಂತಲ್ಲ. ಕತ್ತಲಾದ ಮೇಲೆ ಹೊರಟ ಗಾಡಿಗಳೆಲ್ಲ ಉಡುಪಿ ರಸ್ತೆಯಲ್ಲೇ ಇದ್ದವು. ಆದಿ ಉಡುಪಿ ದಾಟುವಷ್ಟರಲ್ಲಿ ಒಂಬತ್ತಾಯಿತು. ಮನೆ ಸೇರುವಾಗ ಹತ್ತು ಗಂಟೆ. ಮರುದಿನ ಮಗಳಿಗೆ ಜ್ವರ, ಶಾಲೆಗೆ ರಜೆ.

ಮಲ್ಪೆಗೇ ಹೋಗಬೇಕು ಎನ್ನುವವರಿಗೆ ನಾನು ಕಲಿತದ್ದು ಹೇಳುತ್ತೇನೆ. ದಡದ ಹತ್ತಿರದ ಜಾಗಕ್ಕೆ ಆಸೆ ಪಡಬೇಡಿ. ವಯಸ್ಸಾದವರನ್ನು ದಡದ ಬಳಿ ಇಳಿಸಿ, ಕಾರನ್ನು ಹೊರಗೆ ಹೋಗುವ ದಾರಿಯ ಹತ್ತಿರ ತಂದು ನಿಲ್ಲಿಸಿ. ರಿವರ್ಸ್ ಹಾಕಿ, ಮುಖ ರಸ್ತೆಗೆ ಇರಲಿ. ಸಾಲಿನ ನಡುವೆ ಬೇಡ, ಮೂಲೆ ಹುಡುಕಿ. ನಿಮ್ಮ ನಂಬರ್ ಗಾಜಿನ ಒಳಗೆ ಕಾಣುವಂತೆ ಇಡಿ. ಐದೂಮುಕ್ಕಾಲಿಗೇ ಹೊರಡಿ. ಸೂರ್ಯಾಸ್ತ ತಪ್ಪುತ್ತದೆ, ನಿಜ. ಎಲ್ಲರೂ ಅದನ್ನೇ ಕಾಯುತ್ತಿರುತ್ತಾರೆ, ಮುಳುಗಿದ ಕೂಡಲೇ ಎಲ್ಲರೂ ಒಟ್ಟಿಗೆ ಏಳುತ್ತಾರೆ.

ವಾರದ ನಡುವೆ ಬೆಳಿಗ್ಗೆ ಏಳು ಗಂಟೆಗೆ ಹೋದರೆ ಅದೇ ಮಲ್ಪೆ ಬೇರೆ ಊರಿನಂತೆ ಕಾಣುತ್ತದೆ. ಅಗಲವಾದ ದಡ, ಗಟ್ಟಿ ಮರಳು. ಅತ್ತೆ ಸಹ ಕೋಲಿಲ್ಲದೆ ನಡೆದರು. ತಿನ್ನಲು, ಆಡಲು ಮೂರರಲ್ಲಿ ಇಲ್ಲೇ ಜಾಸ್ತಿ ಸಿಗುತ್ತದೆ.

ಕಾಪು ನೋಡಲು ಚಂದ. ಬಂಡೆಯ ಮೇಲೆ 1901ರ ದೀಪಸ್ತಂಭ, ಕೆಳಗೆ ಬಂಡೆಗೆ ಬಡಿಯುವ ಅಲೆ. ಆದರೆ ಬಂಡೆ ಇರುವ ಕಡೆ ಮಗುವನ್ನು ನೀರಿಗೆ ಬಿಡಲು ನನಗೆ ಧೈರ್ಯ ಬರುವುದಿಲ್ಲ. ದೀಪಸ್ತಂಭದ ಮೆಟ್ಟಿಲು ಅತ್ತೆಗೆ ಆಗುವುದಿಲ್ಲ. ಮಾರಿಗುಡಿಗೆ ಹೋದ ದಿನ ಹಾಗೇ ಕಡಲಿಗೂ ಹೋಗಿ ಅರ್ಧ ಗಂಟೆ ಕೂತು ಬರುತ್ತೇವೆ. ಅದಕ್ಕೆ ಕಾಪು ಸಾಕು.

ಅಲ್ಲಿ ಒಂದು ಎಚ್ಚರಿಕೆ. ಬಿಸಿಲೆಂದು ನಾನು ಒಮ್ಮೆ ತೆಂಗಿನ ಮರದ ಕೆಳಗೆ ಕಾರು ನಿಲ್ಲಿಸಿದೆ. ಕರಾವಳಿಯಲ್ಲೇ ಹುಟ್ಟಿ ಬೆಳೆದವಳು, ತಲೆ ಎತ್ತಿ ನೋಡಬೇಕಿತ್ತು. ಬಾನೆಟ್ ಮೇಲೆ ಕಾಯಿ ಬಿದ್ದ ಗುಂಡಿ ಇನ್ನೂ ಇದೆ. ನೆರಳೇ ಬೇಕಿದ್ದರೆ ಗಾಳಿಮರದ ಕೆಳಗೆ ನಿಲ್ಲಿಸಿ, ಇಲ್ಲವಾದರೆ ಬಿಸಿಲಲ್ಲೇ ಇರಲಿ. ಇದು ಮೂರೂ ಬೀಚಿಗೆ ಅನ್ವಯಿಸುವ ಮಾತು.

ಇನ್ನು ಪಡುಬಿದ್ರಿ. ಕಾರ್ಕಳದಿಂದ ಬೆಳ್ಮಣ್ ಮೇಲೆ ನೇರ ರಸ್ತೆ, ಉಡುಪಿ ಪೇಟೆಯ ಗೋಜೇ ಇಲ್ಲ. ನನಗೆ ಈ ಬೀಚು ಹಿಡಿಸಲು ಅರ್ಧ ಕಾರಣ ಈ ದಾರಿ. ಪಡುಬಿದ್ರಿ ಬೀಚ್ ಎಂದು ಮ್ಯಾಪಿನಲ್ಲಿ ಹಾಕಿದರೆ ಊರಿನ ಮುಖ್ಯ ಬೀಚಿಗೂ ಕರೆದೊಯ್ಯಬಹುದು. ಮೊದಲ ಸಲ ನಾವು ಹಾಗೇ ಹೋಗಿ, ಇದೇನು ಎಲ್ಲರೂ ಹೊಗಳುವ ಶವರ್, ಕೋಣೆ ಏನೂ ಕಾಣುತ್ತಿಲ್ಲವಲ್ಲ ಎಂದುಕೊಂಡೆವು. ಎಂಡ್ ಪಾಯಿಂಟ್ ಎಂದೇ ಹುಡುಕಿ, ಅಥವಾ ಬ್ಲೂ ಫ್ಲ್ಯಾಗ್ ಬೀಚ್ ಯಾವ ಕಡೆ ಎಂದು ಊರವರನ್ನು ಕೇಳಿ. ಒಂದು ಕಡೆ ಕಾಮಿನಿ ಹೊಳೆ, ಇನ್ನೊಂದು ಕಡೆ ಕಡಲು ಕಂಡರೆ ಸರಿಯಾದ ಜಾಗಕ್ಕೆ ಬಂದಿದ್ದೀರಿ.

ಬ್ಲೂ ಫ್ಲ್ಯಾಗ್ ಎಂದರೆ ಡೆನ್ಮಾರ್ಕಿನಲ್ಲಿ ಕಚೇರಿ ಇರುವ ಒಂದು ಸಂಸ್ಥೆ ಕೊಡುವ ಗುರುತು. ನೀರು ಶುಚಿಯಾಗಿದೆಯಾ, ಶೌಚಾಲಯ ಇದೆಯಾ, ಜೀವರಕ್ಷಕರು ಇದ್ದಾರಾ ಎಂದು 33 ವಿಷಯ ನೋಡಿ ಕೊಡುತ್ತಾರೆ. 2020ರಲ್ಲಿ ನಮ್ಮ ದೇಶದ ಎಂಟು ಬೀಚುಗಳಿಗೆ ಇದು ಸಿಕ್ಕಿತು. ಅದರಲ್ಲಿ ಎರಡು ಕರ್ನಾಟಕದವು, ಹೊನ್ನಾವರದ ಕಾಸರಕೋಡು ಮತ್ತು ಇದು. ಒಮ್ಮೆ ಸಿಕ್ಕರೆ ಯಾವಾಗಲೂ ಇರುತ್ತದೆ ಅಂತಿಲ್ಲ, ಪ್ರತಿ ಸಲ ಹೊಸದಾಗಿ ಪಡೆಯಬೇಕು. ಹಾಗಾಗಿ ಕೆಲಸದವರು ಬೆಳಿಗ್ಗೆಯಿಂದ ಗುಡಿಸುತ್ತಲೇ ಇರುತ್ತಾರೆ. ಇಂಥ ಗುರುತಿನಿಂದ ನನ್ನಂಥವಳಿಗೆ ಏನು ಸಿಕ್ಕಿತು ಎಂದರೆ, ಮಗಳು ಮರಳಲ್ಲಿ ಅಗೆಯುವಾಗ ಬಾಟಲಿ ಚೂರು ಸಿಗುತ್ತದೆಂಬ ಭಯ ಹೋಯಿತು. ಈಜುವ ಜಾಗಕ್ಕೆ ಗಡಿ ಹಾಕಿದ್ದಾರೆ. ಮಿಂದು ಬಂದರೆ ಶವರ್ ಇದೆ, ಬಾಗಿಲಿರುವ ಕೋಣೆ ಇದೆ. ಮಗಳನ್ನು ಅಲ್ಲೇ ತೊಳೆದು, ಒಣ ಬಟ್ಟೆ ಹಾಕಿಸಿ ಕಾರು ಹತ್ತಿಸುತ್ತೇನೆ. ಬೇರೆ ಕಡೆಗೆಲ್ಲ ಐದು ಲೀಟರಿನ ಎರಡು ಕ್ಯಾನ್ ನೀರು, ಸೀಟಿಗೆ ಹಾಸಲು ಹಳೆ ಬೆಡ್‌ಶೀಟ್ ಹೊತ್ತೊಯ್ಯುತ್ತಿದ್ದೆ. ಅದು ತಪ್ಪಿತು. ಹಾಸಿದ ದಾರಿಯಲ್ಲಿ ಅತ್ತೆ ನಿಧಾನಕ್ಕೆ ನಡೆದು, ನೆರಳಲ್ಲಿ ಕೂತು ಮೊಮ್ಮಗಳನ್ನು ನೋಡುತ್ತಾ ಇರುತ್ತಾರೆ.

ಕೊರತೆಯೂ ಇದೆ. ಒಳಗೆ ಹೋಗಲು ತಲೆಗೆ ಇಷ್ಟು ಎಂದು ಟಿಕೆಟ್ ಇದೆ. ಮಲ್ಪೆಯಲ್ಲಿ ದಡಕ್ಕೆ ಇಳಿಯಲು ಅದಿಲ್ಲ. ದೊಡ್ಡ ಕುಟುಂಬ ಹೋದರೆ ಲೆಕ್ಕ ಜಾಸ್ತಿಯೇ ಆಗುತ್ತದೆ. ಆದರೆ ನಾವು ನಾಲ್ವರು, ಮಲ್ಪೆಯಲ್ಲಿ ಮಗಳು ಕಂಡದ್ದೆಲ್ಲ ಬೇಕೆಂದು ಕೊಡಿಸಿಕೊಳ್ಳುವ ದುಡ್ಡಿಗಿಂತ ಟಿಕೆಟ್ ಕಡಿಮೆಯೇ. ತಿನ್ನಲು ಜಾಸ್ತಿ ಸಿಗುವುದಿಲ್ಲ, ಮನೆಯಿಂದ ತಿಂದು ಹೋಗಿ. ರಾತ್ರಿ ಕಡಲ ತೀರದಲ್ಲಿ ಕೂತು ಹರಟುವವರಿಗೆ ಇದು ಆಗದು, ಸಂಜೆಗೆ ಮುಚ್ಚುತ್ತಾರೆ.

ಮರವಂತೆಯನ್ನು ಯಾಕೆ ಸೇರಿಸಲಿಲ್ಲ ಎಂದು ಕೇಳಬಹುದು. ಅಷ್ಟು ಚಂದದ ಜಾಗ ಇನ್ನೊಂದಿಲ್ಲ. ಆದರೆ ಕಾರಿನ ಬಾಗಿಲು ತೆರೆದರೆ ಪಕ್ಕದಲ್ಲೇ ಹೆದ್ದಾರಿಯ ಲಾರಿ. ಮಗು ಕೈಯಲ್ಲಿರುವಾಗ ನನಗೆ ಬೇಡ.

ಮಳೆಗಾಲದಲ್ಲಿ ಎಲ್ಲಿಗೂ ನೀರಿಗೆ ಇಳಿಯುವ ಆಸೆಯಿಂದ ಹೋಗಬೇಡಿ. ಮಲ್ಪೆಯಲ್ಲಿ ದಡದುದ್ದಕ್ಕೂ ಬಲೆ ಕಟ್ಟಿರುತ್ತಾರೆ, ದ್ವೀಪದ ದೋಣಿಯೂ ನಿಂತಿರುತ್ತದೆ.

ಬೆಂಗಳೂರಿನಿಂದ ಬಂದು ಒಂದೇ ದಿನದಲ್ಲಿ ಮಠ, ದ್ವೀಪ, ಕಡಲು ಎಲ್ಲ ಮುಗಿಸಬೇಕು ಎನ್ನುವವರು ಮಲ್ಪೆಗೇ ಹೋಗಿ, ಆದರೆ ಬೆಳಿಗ್ಗೆ ಬೇಗ ಹೋಗಿ. ಫೋಟೋ ತೆಗೆಯುವ ಹುಚ್ಚಿದ್ದರೆ ಸಂಜೆ ಕಾಪು. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಎಂಡ್ ಪಾಯಿಂಟ್. ಎಲ್ಲಿಗೆ ಹೋದರೂ ಕಾರಿನ ಗಾಜಿನ ಒಳಗೆ ಫೋನ್ ನಂಬರಿನ ಚೀಟಿ ಇಡಿ. ನಮ್ಮ ಕಾರಿನಲ್ಲಿರುವುದನ್ನು ಮಗಳೇ ಕೆಂಪು ಸ್ಕೆಚ್ ಪೆನ್ನಿನಲ್ಲಿ ದೊಡ್ಡದಾಗಿ ಬರೆದಿದ್ದಾಳೆ.